ಗಾಡಿಯ ಒಳಪೆಟ್ಟು

(ರಾಜ್ಯೋತ್ಸವದ ಅಂಗವಾಗಿ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಕವಿಗಳೂ ಪಂಡಿತರೂ ನಿಂತು ಮಾತನಾಡುವುದು ವಾಡಿಕೆ. ಈ ಸಲ ನಮ್ಮ ಕಾರ್ಯದರ್ಶಿಗಳು ಎಣ್ಣೆ ಮೆತ್ತಿದ ಕೈಯವರನ್ನು ಕರೆತಂದು ನಿಲ್ಲಿಸಿದ್ದಾರೆ. ನಾವು ಈ ಪುಣೆಯಲ್ಲಿ ಮೋಟಾರು ರಿಪೇರಿಯ ಕಸುಬು ಮಾಡಿಕೊಂಡಿರುವವರು. "ನಾಡಿನ ಹಿರಿಮೆ ಹೇಳುವವರು ಬಹಳ ಮಂದಿ ಇದ್ದಾರೆ, ನೀವು ನಮ್ಮ ಜನಕ್ಕೆ ಉಪಯೋಗಕ್ಕೆ ಬರುವ ಒಂದು ಮಾತು ಹೇಳಿ" ಎಂದು ಅವರ ಅಪ್ಪಣೆಯಾಯಿತು. ಆದಕಾರಣ ನಮಗೆ ಗೊತ್ತಿರುವ ಒಂದೇ ವಿಷಯವನ್ನು ಆರಿಸಿಕೊಂಡು ಬಂದಿದ್ದೇವೆ. ಪಿಕಪ್ ಗಾಡಿಗೆ ಹಿಂದಿನಿಂದ ಪೆಟ್ಟು ಬಿದ್ದಾಗ, ಕಣ್ಣಿಗೆ ಕಾಣದ ಒಳಪೆಟ್ಟನ್ನು ಕಂಡುಹಿಡಿಯುವುದು ಹೇಗೆ ಎಂಬುದೇ ಆ ವಿಷಯ.

ಇದು ಸಣ್ಣ ವಿಷಯವೆಂದು ಯಾರೂ ಭಾವಿಸಬಾರದು. ಇಲ್ಲಿ ಕುಳಿತಿರುವ ಮನೆತನಗಳಲ್ಲಿ ಎಷ್ಟೋ ಮನೆಗಳ ಅನ್ನ ಒಂದು ಪಿಕಪ್ ಗಾಡಿಯ ಮೇಲೆ ನಿಂತಿದೆ. ಬೆಳಗಿನ ಜಾವ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ತರಕಾರಿ ತುಂಬಿಕೊಂಡು ಹೋಟೆಲುಗಳಿಗೆ ಹಾಕುವವರಿದ್ದಾರೆ. ಬಾಳೆಯೆಲೆ, ತೆಂಗಿನಕಾಯಿ, ಹೂವು ಸಾಗಿಸುವವರಿದ್ದಾರೆ. ಭೋಸರಿ ಚಾಕಣಗಳ ಕಾರಖಾನೆಗಳಿಗೆ ಬಿಡಿಭಾಗ ಮುಟ್ಟಿಸುವವರಿದ್ದಾರೆ. ಮದುವೆಮನೆಗಳಿಗೆ ಕೊಪ್ಪರಿಗೆ, ಕಡಾಯಿ ಒಯ್ಯುವ ಅಡಿಗೆಯವರೂ ಇದ್ದಾರೆ. ಊರಿನಲ್ಲಿ ಎತ್ತಿನ ಜೋಡಿ ಇದ್ದ ಹಾಗೆ ಈ ಪರಸ್ಥಳದಲ್ಲಿ ನಮಗೆ ಈ ಗಾಡಿ. ಅದು ನಾಲ್ಕು ದಿನ ನಿಂತರೆ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಆದರೆ ಮನೆಯ ಒಲೆಯ ಉರಿ ಸಣ್ಣದಾಗುತ್ತದೆ.

ಹಿಂದಿನಿಂದ ಗುದ್ದಿಸಿಕೊಳ್ಳುವುದು ಎಂದರೇನೆಂದು ಈ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನವಲೆ ಸೇತುವೆಯ ಹೆಸರು ತೆಗೆದರೆ ಸಾಕು. ಕಾತ್ರಜದ ಹೊಸ ಸುರಂಗವನ್ನು ದಾಟಿ ಆ ಸೇತುವೆಯ ಕಡೆಗೆ ಬರುವ ರಸ್ತೆ ಉದ್ದಕ್ಕೂ ಇಳಿಜಾರು. ೨೦೨೨ರ ನವೆಂಬರ್ ೨೦ರ ರಾತ್ರಿ ಅಲ್ಲಿ ಇಳಿದುಬಂದ ಒಂದು ಲಾರಿ ಹತ್ತಾರು ವಾಹನಗಳನ್ನು ಗುದ್ದಿತು. ಸಾತಾರಾ, ಕೊಲ್ಹಾಪುರಗಳ ಮೇಲೆ ನಿಪ್ಪಾಣಿ, ಬೆಳಗಾವಿಗಳಿಗೆ ನಮ್ಮನ್ನು ಕರೆದೊಯ್ಯುವ ದಾರಿಯೂ ಅದೇ. ಅಂಥ ದೊಡ್ಡ ಅನಾಹುತಗಳು ಪತ್ರಿಕೆಗಳಲ್ಲಿ ಬರುತ್ತವೆ. ಆದರೆ ಸಿಗ್ನಲ್ಲಿನ ಬಳಿ ನಿಂತ ಗಾಡಿಗೆ ಹಿಂದಿನ ಟೆಂಪೋ ಬಂದು ತಾಗುವುದು, ಹೊಂಡ ಕಂಡು ಬ್ರೇಕು ಹಾಕಿದವನಿಗೆ ಹಿಂದಿನ ಲಾರಿ ಬಂದು ಗುದ್ದುವುದು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ನಮ್ಮ ಗರಾಜಿಗೆ ಬರುವವು ಇಂಥವೇ.

ಆಗ ರಸ್ತೆಯಲ್ಲಿ ನಡೆಯುವ ನಾಟಕ ಎಲ್ಲರೂ ಬಲ್ಲದ್ದು. ಎರಡೂ ಕಡೆಯವರು ಇಳಿಯುತ್ತಾರೆ. ಹಿಂದೆ ಬಂದವನು ನಮ್ಮ ಬಂಪರಿನ ಮೇಲೆ ಕೈಯಾಡಿಸಿ "ಕುಛ್ ನಹೀ ಹುವಾ ಭಾಯಿ" ಎನ್ನುತ್ತಾನೆ. ಹಿಂದೆ ನಿಂತ ವಾಹನಗಳೆಲ್ಲ ಹಾರನ್ ಬಾರಿಸುತ್ತವೆ. ಅವನು ಎರಡೋ ಮೂರೋ ಸಾವಿರ ರೂಪಾಯಿ ತೆಗೆದು ಕೈಯಲ್ಲಿಡುತ್ತಾನೆ. ನಮ್ಮವರು ಸಂಭಾವಿತರು, ಪರಸ್ಥಳದಲ್ಲಿ ಜಗಳವೇಕೆಂದು ತೆಗೆದುಕೊಂಡು ಹೊರಟುಬಿಡುತ್ತಾರೆ. ಹದಿನೈದು ದಿನಗಳ ಮೇಲೆ ಹಿಂದಿನ ಟಯರು ಒಂದೇ ಬದಿಗೆ ಸವೆದಿರುತ್ತದೆ, ಗಾಡಿ ಒಂದು ಕಡೆಗೆ ಎಳೆಯುತ್ತದೆ, ವೇಗ ಹೆಚ್ಚಿದರೆ ತಳದಲ್ಲಿ ನಡುಕ ಹುಟ್ಟುತ್ತದೆ. ಆಗ ಆ ಲಾರಿಯೂ ಇಲ್ಲ, ಆ ಮನುಷ್ಯನೂ ಇಲ್ಲ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಎಂಬ ನಮ್ಮ ಗಾದೆ ಇಂಥ ಗಾಡಿಗೆಂದೇ ಹುಟ್ಟಿದಂತಿದೆ. ಈ ಹೊತ್ತು ನಾವು ಹೇಳಬೇಕೆಂದಿರುವುದು ಇಷ್ಟೆ: ಹೊರಗಿನ ಗಾಯ ನೋಡಿ ಒಳಗಿನ ಪೆಟ್ಟನ್ನು ಊಹಿಸಬೇಡಿ, ಅಳೆದು ನೋಡುವ ತನಕ ಲೆಕ್ಕ ತೀರಿಸಲೂ ಬೇಡಿ, ಹೇರು ಹೇರಲೂ ಬೇಡಿ.

ಒಳಪೆಟ್ಟು ಏಕೆ ಕಾಣುವುದಿಲ್ಲವೆಂಬುದನ್ನು ತಿಳಿಯಬೇಕಾದರೆ ಮೊದಲು ಗಾಡಿಯ ಕಟ್ಟಡವನ್ನು ತಿಳಿಯಬೇಕು. ಈಗಿನ ಕಾರುಗಳಲ್ಲಿ ಬಹುಪಾಲಿನವಕ್ಕೆ ಮೈಯೇ ಎಲುಬು. ಪೆಟ್ಟು ಬಿದ್ದರೆ ತಗಡು ಮಡಿಸಿಕೊಂಡು ಹೊರಗೆ ಕಾಣಿಸುತ್ತದೆ. ನಮ್ಮ ಹೇರು ಹೊರುವ ಪಿಕಪ್ಪುಗಳಲ್ಲಿ ಹೆಚ್ಚಿನವುಗಳ ಕಟ್ಟಡ ಬೇರೆ. ಅದಕ್ಕೆ ಕೆಳಗೆ ಚಾಸಿ ಎಂಬ ಉಕ್ಕಿನ ಅಡಿಗಟ್ಟು ಇರುತ್ತದೆ. ಒಂದು ಏಣಿಯನ್ನು ನೆಲದ ಮೇಲೆ ಮಲಗಿಸಿದಂತೆ ಅದರ ರೂಪ: ಉದ್ದಕ್ಕೆ ಎರಡು ತೊಲೆಗಳು, ನಡುನಡುವೆ ಮೆಟ್ಟಿಲಿನ ಹಾಗೆ ಅಡ್ಡಪಟ್ಟಿಗಳು. ಈ ಏಣಿಯ ಮುಂಭಾಗದ ಮೇಲೆ ರಬ್ಬರಿನ ಗದ್ದುಗೆಗಳಿಟ್ಟು ಕ್ಯಾಬಿನ್ನನ್ನು ಕೂರಿಸಿರುತ್ತಾರೆ. ಹಿಂಭಾಗದ ಮೇಲೆ ಸರಕಿನ ಬಾಡಿಯನ್ನು ಬೇರೆಯಾಗಿ ಬೋಲ್ಟು ಹಾಕಿ ಬಿಗಿದಿರುತ್ತಾರೆ. ಇಂಜಿನು, ಪಾಟಾಗಳು, ಹಿಂದಿನ ಅಚ್ಚು, ಡೀಸೆಲ್ ಟಾಂಕಿ, ಸ್ಟೆಪ್ನಿ ಎಲ್ಲವೂ ಈ ಏಣಿಗೇ ತಗುಲಿಕೊಂಡಿರುತ್ತವೆ.

ಹಿಂದಿನಿಂದ ಬಂದ ಪೆಟ್ಟು ಬಂಪರಿನಿಂದ ನೇರವಾಗಿ ಈ ಎರಡು ತೊಲೆಗಳ ತುದಿಗೆ ಹೋಗುತ್ತದೆ. ನಮ್ಮವರಲ್ಲಿ ಕೆಲವರು ಗಾಡಿಯ ರಕ್ಷಣೆಗೆಂದು ಹಿಂದೆ ಭಾರಿ ಚಾನೆಲ್ ಕಬ್ಬಿಣವನ್ನು ವೆಲ್ಡು ಮಾಡಿಸಿ ಹಾಕಿಕೊಳ್ಳುತ್ತಾರೆ. ಪೆಟ್ಟು ಬಿದ್ದಾಗ ಆ ಕಬ್ಬಿಣ ತಾನು ಬಗ್ಗುವುದಿಲ್ಲ. ಬಿದ್ದದ್ದನ್ನು ಹಾಗೆಯೇ ಮುಂದಕ್ಕೆ ದಾಟಿಸುತ್ತದೆ. ಎಳೆಯುವುದಕ್ಕೆಂದು ಹಾಕಿಸಿದ ಕೊಕ್ಕೆಯೂ ಹಾಗೆಯೇ. ಬಂಪರು ನೆಟ್ಟಗಿದೆಯೆಂದು ನೀವು ಸಂತೋಷಪಟ್ಟರೆ, ಆ ಸಂತೋಷವೇ ಸಂಶಯಕ್ಕೆ ಕಾರಣವಾಗಬೇಕು. ಬಗ್ಗಿದ ಬಂಪರು ಸ್ವಲ್ಪವಾದರೂ ಪೆಟ್ಟನ್ನು ತಾನು ತಿಂದಿದೆ. ಬಗ್ಗದ ಬಂಪರು ಬೇರೆಯವರಿಗೆ ತಿನ್ನಿಸಿದೆ.

ಪೆಟ್ಟಿನ ಬಲವನ್ನು ಒಂದು ಸಣ್ಣ ಲೆಕ್ಕದಿಂದ ನೋಡೋಣ. ಹೇರು ಸಹಿತ ೧೦ ಟನ್ ತೂಗುವ ಲಾರಿ ಗಂಟೆಗೆ ೩೦ ಕಿಲೋಮೀಟರ್ ವೇಗದಲ್ಲಿ ಬಂದು, ನಿಂತಿರುವ ೨ ಟನ್ನಿನ ಪಿಕಪ್ಪಿಗೆ ಗುದ್ದಿ ಎರಡೂ ಒಟ್ಟಿಗೆ ಮುಂದೆ ಸರಿದವೆನ್ನಿ. ಆಗ ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ನಿಂತಿದ್ದ ಗಾಡಿಗೆ ಗಂಟೆಗೆ ೨೫ ಕಿಲೋಮೀಟರ್ ವೇಗ ಬಂದಿರುತ್ತದೆ. ಲಾರಿಯ ವೇಗ ೩೦ರ ಬದಲು ೬೦ ಆದರೆ ಅದು ಹೊತ್ತು ತಂದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ಚಾಸಿ ಹೀಗೆ ತಟಕ್ಕನೆ ಮುಂದಕ್ಕೆ ನೆಗೆದಾಗ ಅದಕ್ಕೆ ತಗುಲಿಕೊಂಡಿರುವ ಭಾರದ ವಸ್ತುಗಳೆಲ್ಲ ತಾವಿದ್ದಲ್ಲೇ ಇರಲು ನೋಡುತ್ತವೆ. ಹೊರಡುವ ಬಸ್ಸಿನಲ್ಲಿ ನಿಂತವರು ಹಿಂದಕ್ಕೆ ವಾಲುವುದಿಲ್ಲವೆ, ಹಾಗೆ. ಇಂಜಿನು ತನ್ನ ರಬ್ಬರಿನ ಗದ್ದುಗೆಯನ್ನು ಹರಿಯುತ್ತದೆ. ಹಿಂದಿನ ಅಚ್ಚು ಪಾಟಾದ ಬೋಲ್ಟನ್ನು ಎಳೆಯುತ್ತದೆ. ಬಾಡಿಯೊಳಗಿನ ಸರಕು ಹಿಂಬಾಗಿಲನ್ನು ಒತ್ತುತ್ತದೆ. ಗಾಡಿ ಮುಂದಿನ ವಾಹನಕ್ಕೂ ತಾಗಿತೆಂದರೆ ಅದೇ ಸರಕು ಮುಂದಕ್ಕೆ ಜಾರಿ ಕ್ಯಾಬಿನ್ನಿನ ಹಿಂದಿನ ತಡೆಯನ್ನು ಗುದ್ದುತ್ತದೆ. ಹೀಗೆ ಒಂದು ಪೆಟ್ಟು ಒಳಗೆ ಹತ್ತು ಪೆಟ್ಟುಗಳಾಗಿ ಹಂಚಿಹೋಗುತ್ತದೆ.

ಪರೀಕ್ಷೆಯ ಕ್ರಮಕ್ಕೆ ಬರುವ ಮೊದಲು, ಪೆಟ್ಟು ಬಿದ್ದ ಮೊದಲ ಗಳಿಗೆಯ ಮಾತು. ಮೊದಲು ಮನುಷ್ಯರು, ಆಮೇಲೆ ಗಾಡಿ. ಹಿಂದಿನಿಂದ ಪೆಟ್ಟು ಬಿದ್ದಾಗ ಆಸನದ ಬೆನ್ನು ನಮ್ಮ ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ. ತಲೆ ಮಾತ್ರ ಹಿಂದೆ ಉಳಿದು, ಕುತ್ತಿಗೆ ಚಾವಟಿಯಂತೆ ಜಗ್ಗಿಕೊಳ್ಳುತ್ತದೆ. ಅನೇಕ ಪಿಕಪ್ಪುಗಳಲ್ಲಿ ಕ್ಯಾಬಿನ್ನಿನ ಹಿಂದಿನ ಗಾಜು ತಲೆಗೆ ತೀರ ಸಮೀಪ. ಈ ಕುತ್ತಿಗೆಯ ನೋವು ಕೆಲವು ಗಂಟೆಗಳು ಕಳೆದ ಮೇಲೆ, ಎಷ್ಟೋ ವೇಳೆ ಮರುದಿನ, ಕಾಣಿಸಿಕೊಳ್ಳುವುದುಂಟು. ತಲೆ ಸುತ್ತುವುದು, ಕೈ ಜೋಮು ಹಿಡಿಯುವುದು, ವಾಂತಿ ಬರುವಂತಾಗುವುದು ಇದ್ದರೆ ಅಮೃತಾಂಜನ ತಿಕ್ಕಿಕೊಂಡು ಮಲಗಬಾರದು. ವೈದ್ಯರ ಬಳಿಗೆ ಹೋಗಬೇಕು. ಗಾಡಿಯಂತೆಯೇ ಮನುಷ್ಯನಿಗೂ ಒಳಪೆಟ್ಟು ಉಂಟು.

ಆಮೇಲೆ ಇಂಜಿನು ಆರಿಸಿ ನೆಲದ ಮೇಲೆ ಏನಾದರೂ ತೊಟ್ಟಿಕ್ಕುತ್ತಿದೆಯೆ ನೋಡಬೇಕು. ಡೀಸೆಲ್ಲಿನ ವಾಸನೆ, ಗ್ಯಾಸಿನ ವಾಸನೆ ಬಂದರೆ ಗಾಡಿಯನ್ನು ಮತ್ತೆ ಚಾಲೂ ಮಾಡಕೂಡದು, ಬೀಡಿಗೆ ಕಡ್ಡಿ ಗೀರುವವನನ್ನು ಹತ್ತಿರ ಬಿಡಕೂಡದು. ಸಿ.ಎನ್.ಜಿ. ಗಾಡಿಯಾದರೆ ಸಿಲಿಂಡರಿನ ಕವಾಟ ಮುಚ್ಚಬೇಕು. ಸಿಲಿಂಡರಿಗೆ ೩ ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆಯ ಕಟ್ಟಳೆ ಇದೆ. ಅಪಘಾತದಲ್ಲಿ ಅದಕ್ಕೆ ತಗುಲಿದ್ದರೆ ಆ ಅವಧಿಯವರೆಗೆ ಕಾಯದೆ ಅಧಿಕೃತ ಕೇಂದ್ರದಲ್ಲಿ ತೋರಿಸಬೇಕು. ವಿದ್ಯುತ್ ಗಾಡಿಯಾದರೆ ಕಿತ್ತಳೆ ಬಣ್ಣದ ತಂತಿಗಳನ್ನೂ ಬ್ಯಾಟರಿಯ ಪೆಟ್ಟಿಗೆಯನ್ನೂ ಬಲ್ಲವರಲ್ಲದೆ ಬೇರೆ ಯಾರೂ ಮುಟ್ಟಬಾರದು. ಪೆಟ್ಟು ತಿಂದ ಬ್ಯಾಟರಿ ಕೆಲವು ಗಂಟೆಗಳ ನಂತರವೂ ಹೊತ್ತಿಕೊಳ್ಳಬಹುದು. ಇಷ್ಟಾದ ಮೇಲೆ, ಗಾಡಿಯನ್ನು ಸರಿಸುವ ಮೊದಲೇ, ಕಿಸೆಯಲ್ಲಿರುವ ಫೋನಿನಿಂದ ಎರಡೂ ವಾಹನಗಳ, ನಂಬರು ಫಲಕಗಳ, ರಸ್ತೆಯ ಗುರುತುಗಳ ಚಿತ್ರ ತೆಗೆಯಿರಿ. ಹಾರನ್ ಬಾರಿಸುವವರು ಒಂದು ನಿಮಿಷ ಬಾರಿಸಲಿ.

ಈಗ ಪರೀಕ್ಷೆ. ಇದರಲ್ಲಿ ಮೊದಲನೆಯ ಭಾಗಕ್ಕೆ ಯಾವ ಯಂತ್ರವೂ ಬೇಡ; ಎರಡು ಕಣ್ಣು, ಸ್ವಲ್ಪ ತಾಳ್ಮೆ ಸಾಕು. ಗಾಡಿಯನ್ನು ಸಮನಾದ ನೆಲದ ಮೇಲೆ, ಹೇರು ಇಳಿಸಿ ನಿಲ್ಲಿಸಿ. ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದನ್ನು ಎರಡೂ ಪಕ್ಕದಲ್ಲಿ ನೋಡಿ. ಎಡಗಡೆ ನಾಲ್ಕು ಬೆರಳು, ಬಲಗಡೆ ಎರಡು ಬೆರಳು ಇದ್ದರೆ ಏನೋ ಸರಿದಿದೆ. ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಚಾಸಿಯ ಬಾಲ ಮೇಲಕ್ಕೆದ್ದಿದೆಯೋ ಎಂದು ಅನುಮಾನಿಸಬೇಕು. ಆದರೆ ಅಲ್ಲಿಗೇ ತೀರ್ಮಾನ ಮಾಡಬಾರದು. ಬಾಡಿಯೊಂದೇ ತನ್ನ ಬೋಲ್ಟುಗಳ ಮೇಲೆ ಜಾರಿ, ಚಾಸಿ ನೆಟ್ಟಗೆ ಉಳಿದಿರುವುದೂ ಉಂಟು. ಅಂಥ ಗಾಡಿಯ ಭಾಗ್ಯವೇ ಭಾಗ್ಯ; ಬೋಲ್ಟು ಸಡಿಲಿಸಿ ಬಾಡಿಯನ್ನು ಸ್ವಸ್ಥಾನಕ್ಕೆ ತಂದರೆ ಮುಗಿಯಿತು. ಬಾಗಿಲುಗಳನ್ನು ತೆರೆದು ಮುಚ್ಚಿ ನೋಡಿ. ನಿನ್ನೆ ಒಂದೇ ಬೆರಳಿಗೆ ಮುಚ್ಚುತ್ತಿದ್ದ ಬಾಗಿಲು ಇಂದು ಭುಜ ಕೊಟ್ಟು ತಳ್ಳಿದರೆ ಮಾತ್ರ ಮುಚ್ಚುವುದಾದರೆ ಕ್ಯಾಬಿನ್ನು ತಿರುಚಿದೆ ಅಥವಾ ತನ್ನ ಗದ್ದುಗೆಯಿಂದ ಕದಲಿದೆ.

ಆಮೇಲೆ ಕೆಳಗೆ ನುಸುಳಬೇಕು. ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಯಾರೂ ಹೋಗಬೇಡಿ. ಗಟ್ಟಿಯಾದ ಸ್ಟ್ಯಾಂಡು ಇಟ್ಟಿರಬೇಕು, ಇಲ್ಲವೆ ಗರಾಜಿನ ಗುಂಡಿ ಇರಬೇಕು. ಒಂದು ಒಳ್ಳೆಯ ಬ್ಯಾಟರಿ ದೀಪ ಹಿಡಿದು ಚಾಸಿಯ ತೊಲೆಯನ್ನು ಹಿಂದಿನಿಂದ ಮುಂದಕ್ಕೆ ನೋಡುತ್ತ ಬನ್ನಿ. ಹಿಂದಿನ ಅಚ್ಚಿಗೆ ಎಡೆಮಾಡಿಕೊಡಲು ತೊಲೆ ಕಮಾನಿನಂತೆ ಮೇಲಕ್ಕೆದ್ದು ಇಳಿಯುತ್ತದೆ. ಹಿಂದಿನ ಪೆಟ್ಟಿಗೆ ತೊಲೆ ಮಡಿಸಿಕೊಳ್ಳುವುದು ಹೆಚ್ಚಾಗಿ ಈ ಕಮಾನಿನಲ್ಲಿ. ಮುಪ್ಪಿನವರ ಹಣೆಯ ಸುಕ್ಕಿನಂತೆ ಉಕ್ಕಿನಲ್ಲಿ ಒಂದು ಸುಕ್ಕು ಬಿದ್ದಿರುತ್ತದೆ. ಬಣ್ಣ ಸಣ್ಣ ಸಣ್ಣ ಬಿರುಕಾಗಿ ಉದುರಿರುತ್ತದೆ. ರಿವೆಟ್ಟು, ಬೋಲ್ಟುಗಳ ಸುತ್ತ ನೋಡಿ. ಧೂಳು ಮೆತ್ತಿದ ಕಬ್ಬಿಣದಲ್ಲಿ ಅರ್ಧಚಂದ್ರದಂತೆ ಹೊಳೆಯುವ ಗೆರೆ ಕಂಡರೆ ಆ ಬೋಲ್ಟು ಅಷ್ಟು ದೂರ ಜಾರಿದೆ ಎಂದು ಅರ್ಥ. ಬಿರುಕಿನೊಳಗೆ ತುಕ್ಕು ಇದ್ದರೆ ಅದು ಹಳೆಯದು, ಅತಿಭಾರ ಹೇರಿದ್ದರ ಫಲ. ಒಳಗಡೆ ಬೆಳ್ಳಗೆ ಹೊಳೆಯುತ್ತಿದ್ದರೆ ಹೊಸದು.

ಸ್ಟೆಪ್ನಿಯನ್ನು ಮರೆಯಬಾರದು. ಅನೇಕ ಗಾಡಿಗಳಲ್ಲಿ ಅದು ಬಾಲದ ಕೆಳಗೆ ತೂಗಿರುತ್ತದೆ. ಗುದ್ದಿದಾಗ ಅದು ಮುಂದಕ್ಕೆ ನುಗ್ಗಿ ಹಿಂದಿನ ಅಚ್ಚಿನ ಹೌಸಿಂಗಿಗೆ, ಪೈಪುಗಳಿಗೆ ಬಡಿದು, ತಾನು ಏನೂ ಅರಿಯದಂತೆ ಮತ್ತೆ ತನ್ನ ಜಾಗಕ್ಕೆ ಬಂದು ನೇತಾಡುತ್ತಿರಬಹುದು. ಅದರ ಮೇಲಿನ ಹೊಸ ಗೀರುಗಳು ಅದರ ಓಡಾಟವನ್ನು ಹೇಳುತ್ತವೆ.

ಪಾಟಾಗಳ ವಿಷಯ ಇನ್ನೂ ಸೂಕ್ಷ್ಮ. ಪಾಟಾದ ಎಲೆಗಳನ್ನೆಲ್ಲ ನಡುವೆ ಒಂದು ಬೋಲ್ಟು ಪೋಣಿಸಿ ಹಿಡಿದಿರುತ್ತದೆ. ಆ ಬೋಲ್ಟಿನ ತಲೆ ಅಚ್ಚಿನ ಮೇಲಿನ ಗುಳಿಯಲ್ಲಿ ಕೂತು, ಅಚ್ಚು ಅತ್ತಿತ್ತ ಸರಿಯದಂತೆ ಕಾಯುತ್ತದೆ. ಎತ್ತಿನ ಗಾಡಿಗೆ ಕಡಾಣಿ ಹೇಗೋ ಇದಕ್ಕೆ ಈ ಬೋಲ್ಟು ಹಾಗೆ. ಪೆಟ್ಟಿಗೆ ಒಂದು ಪಕ್ಕದ ಬೋಲ್ಟು ತುಂಡಾದರೆ ಅಚ್ಚು ಆ ಪಕ್ಕದಲ್ಲಿ ಹಿಂದೆಯೋ ಮುಂದೆಯೋ ಸರಿಯುತ್ತದೆ. ಮೇಲಿನ ಯು-ಬೋಲ್ಟುಗಳು ಬಿಗಿಯಾಗಿರುವುದರಿಂದ ಹೊರಗೆ ಏನೂ ಗೊತ್ತಾಗುವುದಿಲ್ಲ. ಗಾಡಿ ಮಾತ್ರ ಏಡಿಯಂತೆ ಓರೆಯಾಗಿ ಓಡುತ್ತದೆ. ಇದನ್ನು ಕಂಡುಹಿಡಿಯಲು ಎರಡು ಉಪಾಯಗಳಿವೆ. ಸ್ಟಿಯರಿಂಗು ನೆಟ್ಟಗಿಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಎರಡೂ ಪಕ್ಕ ಟೇಪು ಹಿಡಿಯಿರಿ. ಅಳತೆ ಸಮನಾಗಿ ಬರಬೇಕು. ಎರಡನೆಯದಾಗಿ, ನೀರು ಚೆಲ್ಲಿದ ನೆಲದ ಮೇಲಿಂದ ಒಣನೆಲಕ್ಕೆ ಗಾಡಿಯನ್ನು ನೆಟ್ಟಗೆ ಓಡಿಸಿ, ಚಕ್ರದ ಜಾಡು ನೋಡಿ. ಮುಂದಿನ ಜಾಡಿಗೂ ಹಿಂದಿನ ಜಾಡಿಗೂ ಇರುವ ಅಂತರ ಎರಡೂ ಬದಿಯಲ್ಲಿ ಒಂದೇ ಇರಬೇಕು. ಒಂದು ಬದಿಗೆ ಹೆಚ್ಚಾದರೆ ಗಾಡಿ ಓರೆಯಾಗಿದೆ. ಚಿಕ್ಕ ಮಕ್ಕಳೂ ಮಾಡಬಹುದಾದ ಪರೀಕ್ಷೆ ಇದು.

ಅಚ್ಚು ಸರಿಯಾಗಿದ್ದು ಚಾಸಿಯೇ ಓರೆಯಾಗಿದೆಯೋ ಎಂಬುದಕ್ಕೆ ಇನ್ನೊಂದು ಹಳೆಯ ಕ್ರಮವಿದೆ. ಈಗ ದೊಡ್ಡ ಗರಾಜುಗಳಲ್ಲಿ ಬೆಳಕಿನ ಕಿರಣದಿಂದ, ಕಂಪ್ಯೂಟರಿನಿಂದ ಅಳೆಯುವ ಸಾಧನಗಳು ಬಂದಿವೆ, ಸಂತೋಷ. ಆದರೆ ಗಾರೆ ಕೆಲಸದವರ ತೂಕದ ಗುಂಡೂ, ಒಂದು ಸುಣ್ಣದ ಕಡ್ಡಿಯೂ, ಒಂದು ಟೇಪೂ ಇದ್ದರೆ ಅದೇ ಕೆಲಸದ ಬಹುಭಾಗವನ್ನು ಯಾರು ಬೇಕಾದರೂ ಮಾಡಬಹುದು. ಈ ಊರಿನ ಗವಂಡಿಗಳು ಓಳಂಬಾ ಎನ್ನುವುದು ಅದನ್ನೇ. ಚಾಸಿಯ ಎರಡೂ ತೊಲೆಗಳಲ್ಲಿ ಎಡಬಲ ಜೋಡಿಯಾಗಿ ತಯಾರಕರೇ ಕೊರೆದ ರಂಧ್ರಗಳಿರುತ್ತವೆ. ನಾಲ್ಕೂ ಟಯರುಗಳಿಗೆ ಹೇಳಿದಷ್ಟು ಗಾಳಿ ತುಂಬಿ, ಸಮನಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಇಂಥ ಮೂರುನಾಲ್ಕು ಜೋಡಿ ರಂಧ್ರಗಳಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ. ಗಾಡಿಯನ್ನು ಆಚೆ ಸರಿಸಿ. ಈಗ ನೆಲದ ಮೇಲೆ ಚಾಸಿಯ ನಕ್ಷೆಯೇ ಬಿದ್ದಿದೆ. ಹೆಂಗಸರು ರಂಗೋಲಿಗೆ ಚುಕ್ಕೆ ಇಟ್ಟಂತೆ. ಪ್ರತಿ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಎರಡು ಅಡ್ಡಳತೆ ತೆಗೆಯಿರಿ. ಎರಡೂ ಸಮನಾಗಿ ಬಂದರೆ ಆ ಚೌಕ ನೆಟ್ಟಗಿದೆ. ಒಂದು ಉದ್ದ, ಒಂದು ಗಿಡ್ಡವಾದರೆ ಏಣಿ ಓರೆಯಾಗಿದೆ. ಎಡಬಲ ಚುಕ್ಕೆಗಳ ನಟ್ಟನಡುವೆ ಗುರುತಿಟ್ಟು ದಾರ ಎಳೆದರೆ ಆ ಗುರುತುಗಳೆಲ್ಲ ಒಂದೇ ಸಾಲಿನಲ್ಲಿ ಬರಬೇಕು. ಬಾಲದ ಗುರುತು ದಾರದಿಂದ ಹೊರಬಿದ್ದರೆ ಬಾಲ ಪಕ್ಕಕ್ಕೆ ತಿರುಗಿದೆ. ಅಂತೆಯೇ, ಗಾಡಿ ನಿಂತಿರುವಾಗಲೇ ಆ ರಂಧ್ರಗಳಿಂದ ನೆಲಕ್ಕೆ ಎಷ್ಟು ಎತ್ತರವೆಂದು ಬರೆದುಕೊಂಡರೆ ತೊಲೆ ಜೋತಿದೆಯೋ ತಿರುಚಿದೆಯೋ ತಿಳಿಯುತ್ತದೆ. ಎಷ್ಟು ಮಿಲಿಮೀಟರ್ ವ್ಯತ್ಯಾಸ ಸಲ್ಲುತ್ತದೆಂಬುದು ತಯಾರಕರ ಪುಸ್ತಕದಲ್ಲಿರುತ್ತದೆ. ಕಣ್ಣಳತೆಯ ಮೇಲೆ ಬಿಡುವ ಮಾತಲ್ಲ.

ಇನ್ನು ಬ್ರೇಕು. ಈ ಒಂದರಲ್ಲಿ ಉದಾಸೀನ ಮಾಡಿದರೆ ನಷ್ಟ ಹಣದ್ದಲ್ಲ, ಪ್ರಾಣದ್ದು. ಹಿಂದಿನ ಚಕ್ರಗಳಿಗೆ ಹೋಗುವ ಬ್ರೇಕಿನ ನಳಿಗೆ ಚಾಸಿಯ ಉದ್ದಕ್ಕೂ ಅಂಟಿಕೊಂಡು ಬರುತ್ತದೆ. ಅಚ್ಚಿನ ಬಳಿ ರಬ್ಬರಿನ ಕೊಳವೆಯಾಗುತ್ತದೆ. ತೊಲೆ ಸುಕ್ಕಿದ ಕಡೆ ಇದೂ ಜಜ್ಜಿರಬಹುದು. ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಮೆಲ್ಲನೆ ಕೆಳಗಿಳಿಯುತ್ತ ಹೋದರೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ. ಅನೇಕ ಪಿಕಪ್ಪುಗಳಲ್ಲಿ ಚಾಸಿಗೂ ಅಚ್ಚಿಗೂ ನಡುವೆ ಒಂದು ಸಣ್ಣ ಸರಳಿನಿಂದ ಕೂಡಿಸಿದ ಕವಾಟವಿರುತ್ತದೆ. ಹೇರು ಎಷ್ಟಿದೆಯೆಂದು ಬಾಡಿಯ ಎತ್ತರದಿಂದ ತಿಳಿದು, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂದು ಅದು ತೀರ್ಮಾನಿಸುತ್ತದೆ. ಆ ಸರಳು ಬಗ್ಗಿತೆಂದರೆ ಲೆಕ್ಕ ತಪ್ಪುತ್ತದೆ. ಹೇರು ತುಂಬಿದಾಗ ಬ್ರೇಕು ಸಾಲದೆ ಹೋಗುತ್ತದೆ, ಇಲ್ಲವೆ ಖಾಲಿ ಇದ್ದಾಗ ಹಿಂದಿನ ಚಕ್ರ ಕಚ್ಚಿ ಗಾಡಿ ಜಾರುತ್ತದೆ. ಊರೊಳಗೆ ನಿಧಾನವಾಗಿ ಓಡಿಸುವಾಗ ಇದು ತಿಳಿಯುವುದೇ ಇಲ್ಲ. ಘಾಟಿನ ಇಳಿಜಾರಿನಲ್ಲಿ ತಿಳಿಯುತ್ತದೆ. ಪೆಟ್ಟು ತಿಂದವನು ಪೆಟ್ಟು ಕೊಡುವವನಾಗುವುದು ಹೀಗೆ.

ಪ್ರೊಪೆಲ್ಲರ್ ಶಾಫ್ಟು, ಅದರ ನಡುವಿನ ಬೇರಿಂಗು, ಎರಡು ತುದಿಯ ಜಾಯಿಂಟುಗಳು, ಗೇರುಪೆಟ್ಟಿಗೆಯ ಗದ್ದುಗೆ, ಸೈಲೆನ್ಸರಿನ ಕೊಂಡಿಗಳು, ಹ್ಯಾಂಡ್‌ಬ್ರೇಕಿನ ತಂತಿ, ಹಿಂದಿನ ದೀಪಗಳ ವಯರುಗಳು ಇವನ್ನು ಒಂದೊಂದಾಗಿ ಕೈಯಿಂದ ಅಲುಗಾಡಿಸಿ ನೋಡತಕ್ಕದ್ದು. ಹಿಂದಿನ ದೀಪ ಹತ್ತುತ್ತದೆ ಎಂದರೆ ಸಾಲದು. ಬ್ರೇಕಿನ ದೀಪ ಪ್ರತಿಸಲವೂ ಹತ್ತಬೇಕು. ಇಲ್ಲವಾದರೆ ಎರಡನೆಯ ಗುದ್ದಿಗೆ ನಾವೇ ಆಹ್ವಾನ ಕೊಟ್ಟಂತೆ. ಕ್ಯಾಬಿನ್ನಿನೊಳಗೆ ಆಸನದ ಬೆನ್ನು ಸಡಿಲಾಗಿದೆಯೆ, ಹಳಿಯ ಮೇಲೆ ಆಸನ ಕದಲುತ್ತದೆಯೆ, ಬೆಲ್ಟನ್ನು ತಟ್ಟನೆ ಎಳೆದರೆ ಹಿಡಿಯುತ್ತದೆಯೆ ನೋಡಬೇಕು. ತಲೆಯಾನಿಕೆಯ ಮೇಲ್ತುದಿ ಕುತ್ತಿಗೆಯ ಮಟ್ಟಕ್ಕಲ್ಲ, ತಲೆಯ ಮೇಲ್ಭಾಗದ ಮಟ್ಟಕ್ಕೆ ಇರಬೇಕು.

ಸುಕ್ಕು ಬಿದ್ದ ತೊಲೆಗೆ ಮದ್ದೇನು ಎಂದು ಕೇಳುವಿರಿ. ಗ್ಯಾಸಿನ ಉರಿ ಹಿಡಿದು ಕೆಂಪಗೆ ಕಾಯಿಸಿ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿ, ಮೇಲೆ ಕಪ್ಪು ಬಣ್ಣ ಬಳಿದುಕೊಡುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಅಗ್ಗವೂ ಹೌದು. ಆದರೆ ಈಗಿನ ಚಾಸಿಗಳಲ್ಲಿ ಹೆಚ್ಚು ಬಲದ ಉಕ್ಕನ್ನು ಹದ ಮಾಡಿ ಬಳಸಿರುತ್ತಾರೆ. ಕೆಂಪಗೆ ಕಾಯಿಸಿದರೆ ಆ ಹದ ಕೆಟ್ಟುಹೋಗುತ್ತದೆ. ನೋಡಲು ನೆಟ್ಟಗಿರುತ್ತದೆ, ಹೇರು ಬಿದ್ದಾಗ ಅಲ್ಲಿಯೇ ಸೋಲುತ್ತದೆ. ಸಣ್ಣ ಬಾಗನ್ನು ಬೆಂಚಿನ ಮೇಲೆ ಬಿಗಿದು ಸರಪಣಿ, ಹೈಡ್ರಾಲಿಕ್ ಜಾಕುಗಳಿಂದ ತಣ್ಣಗಿರುವಾಗಲೇ ಎಳೆದು ಸರಿಪಡಿಸುವುದು ಕ್ರಮ. ಬಿರುಕು ಬಿಟ್ಟಿದ್ದರೆ, ಮಡಿಕೆ ಚೂಪಾಗಿದ್ದರೆ ತಯಾರಕರು ಹೇಳಿದಂತೆ ಬದಲಾಯಿಸುವುದೇ ದಾರಿ. ಗಾಡಿಯ ಗುರುತಾದ ಚಾಸಿ ನಂಬರು ಈ ತೊಲೆಯ ಮೇಲೆಯೇ ಕೊರೆದಿರುತ್ತದೆ. ಆದುದರಿಂದ ಆರ್.ಟಿ.ಓ. ಕಚೇರಿಗೆ ತಿಳಿಸದೆ ಆ ಭಾಗವನ್ನು ಕತ್ತರಿಸಲೂ ಬಾರದು, ಬದಲಾಯಿಸಲೂ ಬಾರದು.

ಕೊನೆಯದಾಗಿ ಹಣದ ಮಾತು. ೧೯೮೮ರ ಮೋಟಾರು ವಾಹನ ಕಾಯಿದೆಯ ೧೩೪ನೆಯ ಕಲಮಿನಂತೆ, ಯಾರಿಗಾದರೂ ಗಾಯವಾದರೆ ಅಥವಾ ಪರರ ಸೊತ್ತಿಗೆ ಹಾನಿಯಾದರೆ ಚಾಲಕನು, ಸ್ಥಳದಲ್ಲಿ ಪೋಲೀಸರಿಲ್ಲದಿದ್ದಲ್ಲಿ, ಆದಷ್ಟು ಬೇಗ, ಹೆಚ್ಚೆಂದರೆ ೨೪ ಗಂಟೆಗಳೊಳಗೆ, ಹತ್ತಿರದ ಠಾಣೆಗೆ ತಿಳಿಸಬೇಕು. ಗುದ್ದಿದ ವಾಹನದ ಪರಪಕ್ಷದ ವಿಮೆಯಿಂದ ನಮ್ಮ ಗಾಡಿಯ ನಷ್ಟ ಕೇಳಲು ಮೋಟಾರು ಅಪಘಾತ ನ್ಯಾಯಮಂಡಳಿಯಿದೆ. ಬೇಗ ಕೆಲಸವಾಗಲೆಂದು ನಮ್ಮದೇ ವಿಮೆಯಿಂದ ರಿಪೇರಿ ಮಾಡಿಸಿಕೊಳ್ಳುವವರೇ ಹೆಚ್ಚು. ಹಾಗೆ ಮಾಡುವಾಗ ಮೂರು ಸಂಗತಿ ನೆನಪಿನಲ್ಲಿರಲಿ.

ಒಂದು: ಸರ್ವೇಯರು ಬಂದು ನೋಡುವ ಮೊದಲು ಏನನ್ನೂ ಬಿಚ್ಚಬೇಡಿ. ಅವರು ಮೊದಲ ದಿನ ಹೊರಗಿನದನ್ನು ಬರೆದುಕೊಂಡು ಹೋಗುತ್ತಾರೆ. ಬಾಡಿ ಎತ್ತಿದ ಮೇಲೆ ಒಳಪೆಟ್ಟು ಕಂಡರೆ ಅದನ್ನು ರಿಪೇರಿಗೆ ಮೊದಲೇ ಅವರಿಗೆ ಮತ್ತೆ ತೋರಿಸಿ, ಪೂರಕ ಅಂದಾಜು ಬರೆಸಬೇಕು. ರಿಪೇರಿ ಮಾಡಿಸಿ ಆಮೇಲೆ ಬಿಲ್ಲು ತೋರಿಸಿದರೆ ಸಲ್ಲುವುದು ಕಷ್ಟ. ಹಳೆಯ ತಗ್ಗುಗಳನ್ನೂ ಇದೇ ಲೆಕ್ಕಕ್ಕೆ ಸೇರಿಸುವ ಚಪಲ ಬೇಡ. ತುಕ್ಕು ಸುಳ್ಳು ಹೇಳುವುದಿಲ್ಲ. ಒಂದು ಸುಳ್ಳಿಗಾಗಿ ಹತ್ತು ನಿಜಗಳು ಕೆಡುತ್ತವೆ.

ಎರಡು: ಸವಕಳಿಯ ಲೆಕ್ಕ. ರೂಢಿಯ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್, ಬ್ಯಾಟರಿಗಳಿಗೆ ನೂರಕ್ಕೆ ೫೦ ಕಳೆಯುತ್ತಾರೆ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ: ೫ ವರ್ಷ ದಾಟಿ ೧೦ರೊಳಗಿದ್ದರೆ ನೂರಕ್ಕೆ ೪೦. ಹೀಗಾಗಿ ೬ ವರ್ಷದ ಗಾಡಿಗೆ ೨೦,೦೦೦ ರೂಪಾಯಿಯ ಕಬ್ಬಿಣದ ಭಾಗ ಹಾಕಿಸಿದರೆ ೮,೦೦೦ ನಮ್ಮ 

ಕೈಯಿಂದಲೇ. ರಿಪೇರಿಯ ಖರ್ಚು ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆಯ ನೂರಕ್ಕೆ ೭೫ನ್ನು ಮೀರಿದರೆ ಗಾಡಿ ಪೂರ್ಣ ನಷ್ಟವಾಯಿತೆಂದು ಲೆಕ್ಕ ಹಿಡಿಯುತ್ತಾರೆ.

ಮೂರು: ಸರಕಿನ ಗಾಡಿಗಳ ರೂಢಿಯ ಪಾಲಿಸಿಯಲ್ಲಿ ದೀಪ, ಟಯರು, ಮಡ್‌ಗಾರ್ಡು, ಬಂಪರು, ಬಣ್ಣ ಇವು, ಗಾಡಿಯೇ ಪೂರ್ಣ ನಷ್ಟವಾದ ಹೊರತು, ಸೇರಿರುವುದಿಲ್ಲ. ಐ.ಎಂ.ಟಿ. ೨೩ ಎಂಬ ಹೆಚ್ಚುವರಿ ಒಪ್ಪಂದವನ್ನು ಹಣ ಕೊಟ್ಟು ಹಾಕಿಸಿಕೊಂಡಿದ್ದರೆ ಮಾತ್ರ ಸಿಗುತ್ತವೆ. ಹಿಂದಿನಿಂದ ಪೆಟ್ಟು ಬಿದ್ದಾಗ ಮೊದಲು ಹೋಗುವವು ಇವೇ ಅಲ್ಲವೆ? ಇಂದು ರಾತ್ರಿ ಮನೆಗೆ ಹೋದೊಡನೆ ಪಾಲಿಸಿಯ ಕಾಗದ ತೆಗೆದು, ಆ ಅಂಕಿ ಇದೆಯೆ ಎಂದು ನೋಡಿ. ಇಂಗ್ಲಿಷು ತೊಡಕಾದರೆ ಕಾಲೇಜಿಗೆ ಹೋಗುವ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಓದಿಸಿ.

ಕಾಗದದ ಮಾತು ಬಂದದ್ದರಿಂದ ಇನ್ನೊಂದು ಬಿನ್ನಹ. ಎದುರು ಪಕ್ಷದವರು "ಎಲ್ಲ ಹಕ್ಕೂ ತೀರಿತು" ಎಂದು ಬರೆದ ಚೀಟಿ ಕೊಟ್ಟರೆ, ಬಾಡಿ ಎತ್ತಿ ನೋಡುವ ಮೊದಲು ಅದಕ್ಕೆ ರುಜು ಹಾಕಬೇಡಿ. ಭಾಷೆ ಮರಾಠಿಯಿರಲಿ, ಹಿಂದಿಯಿರಲಿ, ಇಂಗ್ಲಿಷಿರಲಿ, ಓದಿ ತಿಳಿಯದ್ದಕ್ಕೆ ರುಜು ಇಲ್ಲ ಎಂಬುದು ನಮ್ಮ ಮನೆಗಳ ನಿಯಮವಾಗಲಿ. ಸಂಘಕ್ಕೂ ಒಂದು ಸೂಚನೆ: ನಮ್ಮಲ್ಲಿ ವಕೀಲರಿದ್ದಾರೆ, ವಿಮೆಯ ಕಚೇರಿಯವರಿದ್ದಾರೆ, ಕಾರಖಾನೆಗಳಲ್ಲಿ ಅಳತೆಯ ಕೆಲಸ ಬಲ್ಲವರಿದ್ದಾರೆ. ತಿಂಗಳಿಗೊಂದು ಭಾನುವಾರ ಇವರು ಸಂಘದಲ್ಲಿ ಎರಡು ಗಂಟೆ ಕುಳಿತು, ಪೆಟ್ಟು ತಿಂದ ಗಾಡಿಯವರ ಕಾಗದಗಳನ್ನು ಓದಿ ಕನ್ನಡದಲ್ಲಿ ವಿವರಿಸಿದರೆ ಅದೂ ಕನ್ನಡದ ಸೇವೆಯೇ. ತೂಕದ ಗುಂಡು ಮತ್ತು ಟೇಪನ್ನು ನಾವು ತರುತ್ತೇವೆ.

ಗಾಡಿ ಕಬ್ಬಿಣದ್ದು, ಮತ್ತೆ ಕೊಳ್ಳಬಹುದು. ಬೆಳಗಿನ ಮೂರು ಗಂಟೆಗೆ ಅದನ್ನು ಹತ್ತಿ ಹೋದವರು ಸಂಜೆ ಮನೆಗೆ ಬರಬೇಕು. ಅದಕ್ಕಾಗಿ ಇಷ್ಟೆಲ್ಲ ಹೇಳಿದ್ದಾಯಿತು.